ಒಲೆ ಒಂದೇ, ತಟ್ಟೆ ನಾಲ್ಕು: ವಯಸ್ಸಿಗೆ ತಕ್ಕ ಊಟ ಹೊಂದಿಸುವ ಬಗೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರು ನಾಲ್ಕು ಜನ. ಅತ್ತೆಗೆ 74, ನಮ್ಮ ಮನೆಯವರಿಗೆ 51, ನನಗೆ 47, ಮಗಳಿಗೆ 22. ಎರಡು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಮೂರು ಸುದ್ದಿ ಬಂದವು. ಮನೆಯವರ ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ) 6.2. ಮಗಳ ಹಿಮೋಗ್ಲೋಬಿನ್ 9.8. ಅತ್ತೆ ಆರು ತಿಂಗಳಲ್ಲಿ 52 ಕೆಜಿಯಿಂದ 48ಕ್ಕೆ ಇಳಿದಿದ್ದರು. ಒಬ್ಬರಿಗೆ ಅನ್ನ ಕಡಿಮೆ ಮಾಡಿ ಅಂದರು, ಇನ್ನೊಬ್ಬರಿಗೆ ಚೆನ್ನಾಗಿ ತಿನ್ನಿ ಅಂದರು. ಮೊದಲ ವಾರ ನಾನು ದಿನಾ ಮೂರು ಬಗೆ ಅಡುಗೆ ಮಾಡಿದೆ. ಎರಡನೇ ವಾರಕ್ಕೆ ಕೈ ಎತ್ತಿದೆ.

ಆಮೇಲೆ ಹೊಳೆಯಿತು, ಅಡುಗೆ ಒಂದೇ ಇದ್ದರೂ ನಡೆಯುತ್ತದೆ, ಬಡಿಸುವ ರೀತಿ ಬದಲಾಗಬೇಕು. ಅದೇ ಮುದ್ದೆ, ಅದೇ ಸಾರು, ಅದೇ ಪಲ್ಯ. ಯಾರ ತಟ್ಟೆಗೆ ಯಾವುದು ಜಾಸ್ತಿ ಅನ್ನುವುದರಲ್ಲಿ ವಯಸ್ಸಿನ ಲೆಕ್ಕ ಬರುತ್ತದೆ. ಅದನ್ನು ಹೇಗೆ ಮಾಡುವುದು ಅಂತ ಕೆಳಗೆ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಮೊದಲೇ ಒಂದು ಮಾತು: ಕಿಡ್ನಿ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು ಇಲ್ಲಿನ ಅಳತೆಗಳನ್ನು ಹಾಗೇ ಹಿಡಿಯಬೇಡಿ. ಅವರ ಲೆಕ್ಕ ಬೇರೆ, ಅದನ್ನು ಡಾಕ್ಟರ್ ಹಾಕಿಕೊಡಬೇಕು.

ಹೆಜ್ಜೆ 1: ಒಂದು ತಿಂಗಳು ಡಬ್ಬಿಗಳನ್ನು ನೋಡಿ

ಯಾರು ಏನು ತಿಂದರು ಅಂತ ಬರೆದಿಡುವುದು ಮೂರನೇ ದಿನಕ್ಕೇ ನಿಂತುಹೋಗುತ್ತದೆ. ಅದರ ಬದಲು ದಿನಸಿ ಡಬ್ಬಿಗಳನ್ನು ನೋಡಿ. ಅವು ಸುಳ್ಳು ಹೇಳುವುದಿಲ್ಲ.

ಉಪ್ಪಿನಿಂದ ಶುರು ಮಾಡಿ, ಅದು ಸುಲಭ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅದನ್ನು ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನಕ್ಕೆ ದಿನಕ್ಕೆ 20 ಗ್ರಾಂ. ಹಾಗಾದರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನವೇ ಪ್ಯಾಕೆಟ್ ಮೇಲೆ ಪೆನ್ನಲ್ಲಿ ತಾರೀಖು ಬರೆದಿಟ್ಟೆ. ನಮ್ಮದು 28 ದಿನಕ್ಕೆ ಖಾಲಿ! ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ ಎಲ್ಲ ಇದರ ಮೇಲೆ.

ಎಣ್ಣೆಯದೂ ಹೀಗೆಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಗೆ ಅದು ಹೇಳುವ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಬೀಜ ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಎಲ್ಲವೂ ಹಸಿ ತೂಕ, ಬೇಯಿಸಿದ ಮೇಲಿನದಲ್ಲ. ಕೂತು ಕೆಲಸ ಮಾಡುವ ಹೆಂಗಸರಿಗೆ ಇಷ್ಟು ಕ್ಯಾಲೊರಿ ಬೇಕಾಗುವುದಿಲ್ಲ, 1660 ಸಾಕು. ಆದರೂ ಮನೆಯ ಅಂದಾಜಿಗೆ ಈ ಲೆಕ್ಕ ಚೆನ್ನಾಗಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಎಣ್ಣೆ ಸುಮಾರು ಮೂರೂವರೆ ಲೀಟರ್ ಆಯಿತು. ನಮ್ಮಲ್ಲಿ ಐದು ಲೀಟರ್ ಕ್ಯಾನು ಸಾಲುತ್ತಿರಲಿಲ್ಲ.

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಬೇಳೆ. ತಲೆಗೆ 85 ಗ್ರಾಂ ಅಂದರೆ ನಾಲ್ಕು ಜನಕ್ಕೆ ತಿಂಗಳಿಗೆ ಹತ್ತು ಕೆಜಿ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಲ್ಲಿ ಅದರಲ್ಲಿ ಒಂದಿಷ್ಟು ಕಳೆಯಬಹುದು. ನಾನು ತರುತ್ತಿದ್ದುದು ಮೂರು ಕೆಜಿ ತೊಗರಿಬೇಳೆ, ಒಂದು ಕೆಜಿ ಹೆಸರುಬೇಳೆ, ಅರ್ಧ ಕೆಜಿ ಕಾಳು. ದಿನಾ ಸಾರು ಮಾಡುತ್ತೀವಲ್ಲ, ಬೇಳೆಗೇನು ಕಮ್ಮಿ ಅಂದುಕೊಂಡಿದ್ದೆ. ಒಂದು ದಿನ ಕುಕ್ಕರಿಗೆ ಹಾಕುವ ಮೊದಲು ತೂಗಿ ನೋಡಿದೆ. ನನ್ನ ಕೈಯ ಎರಡು ಹಿಡಿ, 110 ಗ್ರಾಂ. ಅದರಲ್ಲಿ ಪ್ರೋಟೀನ್ ಸುಮಾರು 24 ಗ್ರಾಂ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 6 ಗ್ರಾಂ, ಅದರಲ್ಲೂ ಅರ್ಧದಷ್ಟು ರಾತ್ರಿ ಊಟಕ್ಕೆ. 60 ಕೆಜಿ ತೂಕದವರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 50 ಗ್ರಾಂ (ಒಂದು ಕೆಜಿ ತೂಕಕ್ಕೆ 0.83 ಗ್ರಾಂ). ತಿಳಿಸಾರು ಹುಯ್ದುಕೊಂಡು ಸೊರ್ ಅಂತ ಊಟ ಮಾಡಿದರೆ ನಾಲಿಗೆಗೆ ಹಿತ, ಮೈಗೆ ಅಷ್ಟಕ್ಕಷ್ಟೆ.

ಹೆಜ್ಜೆ 2: ಟೇಪು ಹಿಡಿಯಿರಿ, ರಕ್ತ ಪರೀಕ್ಷೆ ಮಾಡಿಸಿ

ಟೈಲರ್ ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ, ಉಸಿರು ಬಿಟ್ಟು ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಅಂತ ಲೆಕ್ಕ. ತೂಕ ಸರಿಯಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ತುಂಬ ಜನ. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ವಿಷಯದಲ್ಲೂ ನಮಗೆ 23 ದಾಟಿದರೆ ಜಾಸ್ತಿ ಅನ್ನುತ್ತಾರೆ, 25ರವರೆಗೆ ಕಾಯುವುದಿಲ್ಲ.

30 ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿದರೆ ಒಳ್ಳೆಯದು. ಹೆಣ್ಣುಮಕ್ಕಳು ಯಾವ ವಯಸ್ಸಿನಲ್ಲಾದರೂ ಹಿಮೋಗ್ಲೋಬಿನ್ ನೋಡಿಸಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಸುಸ್ತು ಅಂದರೆ "ಮೊಬೈಲ್ ನೋಡೋದು ಬಿಡು" ಅಂತ ನಾನೇ ಮಗಳಿಗೆ ಬೈದಿದ್ದೆ. ಸಸ್ಯಾಹಾರಿಗಳು, 60 ದಾಟಿದವರು, ಶುಗರಿಗೆ ಮೆಟ್‌ಫಾರ್ಮಿನ್ ನುಂಗುವವರು ವಿಟಮಿನ್ ಬಿ12 ಕೂಡ ನೋಡಿಸಿ.

ಹೆಜ್ಜೆ 3: ಎಲ್ಲರ ಪಾತ್ರೆ ಮೊದಲು ಸರಿಯಾಗಲಿ

ತಟ್ಟೆ ಬೇರೆ ಮಾಡುವ ಮೊದಲು ಎಲ್ಲರಿಗೂ ಒಂದೇ ಆದ ಅಡುಗೆಯಲ್ಲಿ ನಾಲ್ಕು ಬದಲಾವಣೆ ಬೇಕು.

ಬೇಳೆಕಾಳು ಎರಡು ಪಟ್ಟಾಗಲಿ. ಸಾರು ಗಟ್ಟಿ ಮಾಡಿದರೆ ಮನೆಯವರು ಮೂತಿ ತಿರುಗಿಸುತ್ತಾರೆ, ನನಗೆ ಗೊತ್ತು. ಅದಕ್ಕೆ ಬೇರೆ ದಾರಿ ಹಿಡಿಯಿರಿ. ಬೆಳಿಗ್ಗೆ ಹೆಸರುಕಾಳಿನ ದೋಸೆ, ಮಧ್ಯಾಹ್ನ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಸಂಜೆ ಕಡಲೆಕಾಳು ಉಸಲಿ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಒಂದು ಚೂರು ಕಾಯಿತುರಿ, ನಿಂಬೆಹಣ್ಣು ಸಾಕು. ರಾಮನವಮಿಗೆ ಮಾತ್ರ ಮಾಡುವ ವಸ್ತು ಅದಲ್ಲ. ಚಳಿಗಾಲದಲ್ಲಿ ಅವರೆಕಾಳು ಬಂದಾಗ ಯಾರಿಗೂ ಹೇಳಬೇಕಾಗಿಯೇ ಇಲ್ಲ, ತಾನಾಗಿಯೇ ತಿನ್ನುತ್ತಾರೆ. ಕಾಳನ್ನು ರಾತ್ರಿ ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದೂ ಸಲೀಸು, ಹೊಟ್ಟೆ ಉಬ್ಬರವೂ ಕಡಿಮೆ.

ತರಕಾರಿ ತಲೆಗೆ 400 ಗ್ರಾಂ ಅಂದರೆ ನಾಲ್ಕು ಜನಕ್ಕೆ ದಿನಕ್ಕೆ 1.6 ಕೆಜಿ. ನಿಜ ಹೇಳಬೇಕು ಅಂದರೆ ನಾನಿನ್ನೂ ಅಲ್ಲಿಗೆ ಮುಟ್ಟಿಲ್ಲ. ಅರ್ಧ ಕೆಜಿ ಹುರುಳಿಕಾಯಿಯನ್ನು ನಾಲ್ಕು ಜನ ಎರಡು ಹೊತ್ತು ತಿನ್ನುತ್ತಿದ್ದ ಮನೆ ಇದು. ಈಗ ಒಂದು ಕೆಜಿ ಪಲ್ಯದ ತರಕಾರಿ, ಎರಡು ಕಟ್ಟು ಸೊಪ್ಪು, ಹಸಿಯಾಗಿ ತಿನ್ನಲು ಸೌತೆ, ಮೂಲಂಗಿ. ಆಲೂಗಡ್ಡೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಅನ್ನದ ಜಾತಿ.

ಧಾನ್ಯದಲ್ಲಿ ಅರ್ಧವಾದರೂ ರಾಗಿ, ಜೋಳ, ಗೋಧಿಯಂಥ ಇಡೀ ಕಾಳಿನದಿರಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೆಂತ್ಯ ಸೊಪ್ಪು ಅಂತ ತಟ್ಟೆ ಆಗಲೇ ತಯಾರಾಗಿದೆ. ಅಲ್ಲಿ ಕೈ ಬಿಗಿ ಹಿಡಿಯಬೇಕಾದ್ದು ಎಣ್ಣೆಗೆ ಮಾತ್ರ. ಕರಾವಳಿಯವರಿಗೆ ಕುಚಲಕ್ಕಿ ಗಂಜಿಯ ಜೊತೆ ಬೂತಾಯಿ ಮೀನು ಇದ್ದರೆ ಪ್ರೋಟೀನಿಗೆ ಇನ್ನೇನು ಬೇಕು? ಹುರಿಯುವ ಬದಲು ಹುಳಿ ಖಾರದ ಪುಳಿಮುಂಚಿ ಸಾರು ಮಾಡಿದರಾಯಿತು.

ಸಿರಿಧಾನ್ಯದ ಬಗ್ಗೆ ನನಗೊಂದು ತಕರಾರಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ನವಣೆ, ಸಾಮೆ, ಊದಲು ಎಲ್ಲ ಅಂಗಡಿಗೆ ಬಂದವು, ಸಂತೋಷ. ಆದರೆ "ಸಿರಿಧಾನ್ಯ ತಾನೇ" ಅಂತ ಅನ್ನದಷ್ಟೇ ಗುಡ್ಡೆ ಹಾಕಿಕೊಂಡು ತಿಂದರೆ ಶುಗರ್ ಏರಿಯೇ ಏರುತ್ತದೆ. ಅದೂ ಹಿಟ್ಟಿನ ಪದಾರ್ಥವೇ. ಬೆಳ್ಳಗೆ ಪಾಲಿಶ್ ಮಾಡಿದ್ದಾದರೆ ನಾರೂ ಹೋಗಿರುತ್ತದೆ. ರಾಗಿ ಮುದ್ದೆಗೂ ಇದೇ ಮಾತು.

ಉಪ್ಪನ್ನು ಒಂದೇ ದಿನ ಇಳಿಸಬೇಡಿ, ಜಗಳವಾಗುತ್ತದೆ. ನಾನು ವಾರಕ್ಕೆ ಕಾಲು ಚಮಚದಂತೆ ತೆಗೆದೆ, ಹುಳಿ ಮತ್ತು ಒಗ್ಗರಣೆಯ ಇಂಗು ಕೊಂಚ ಜಾಸ್ತಿ ಮಾಡಿದೆ. ಎರಡು ತಿಂಗಳಲ್ಲಿ ನಾಲಿಗೆ ಒಗ್ಗಿತು. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಉಪ್ಪು ಬಂದ್. ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಬರುತ್ತದಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಆಗುವುದಿಲ್ಲ, ಕೇಳದೆ ತರಬೇಡಿ.

ಹೆಜ್ಜೆ 4: ಈಗ ತಟ್ಟೆ ಬೇರೆ ಮಾಡಿ

20ರಿಂದ 30. ಮೂಳೆ ಗಟ್ಟಿಯಾಗುವುದೆಲ್ಲ ಹೆಚ್ಚುಕಡಿಮೆ 30ರೊಳಗೆ ಮುಗಿಯುತ್ತದೆ. ಆಮೇಲೆ ಇದ್ದುದನ್ನು ಕಾಯ್ದುಕೊಳ್ಳುವ ಕೆಲಸ. ಹಾಗಾಗಿ ಈ ವಯಸ್ಸಿನವರಿಗೆ ರಾಗಿ, ಹಾಲು, ಮೊಸರು ಧಾರಾಳವಾಗಿ ಕೊಡಿ. ಕಬ್ಬಿಣದ ಅಂಶ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು, ಗಂಡುಮಕ್ಕಳಿಗೆ 19. ಸೊಪ್ಪು, ಕಾಳಿನ ಮೇಲೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಬೇಡ.

ಮಗಳು ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾಳೆ. ಬೆಳಿಗ್ಗೆ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು, ಅಷ್ಟೇ. ಹತ್ತು ಗಂಟೆಗೆ ಆಫೀಸಿನ ಹತ್ತಿರ ಪಫ್. ತಿಂಡಿ ತಿನ್ನು ಅಂತ ಕೂಗಿ ಸುಸ್ತಾಗಿ, ರೈಲಿನಲ್ಲಿ ಒಂದು ಕೈಯಲ್ಲಿ ತಿನ್ನುವಂಥದ್ದು ಕಟ್ಟಿಕೊಡಲು ಶುರುಮಾಡಿದೆ. ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಬೀಜ. ಇದರಲ್ಲೇ ಸುಮಾರು 20 ಗ್ರಾಂ ಪ್ರೋಟೀನ್ ಆಯಿತು. ಹಿಮೋಗ್ಲೋಬಿನ್ ಊಟದಿಂದಲೇ ಏರಿತು ಅಂತ ಹೇಳುವುದಿಲ್ಲ. 9.8ಕ್ಕೆ ಡಾಕ್ಟರ್ ಮಾತ್ರೆ ಬರೆದುಕೊಟ್ಟಿದ್ದರು, ಅದನ್ನು ತಪ್ಪದೆ ನುಂಗಿದಳು. ಮತ್ತೆ ಇಳಿಯದಂತೆ ನೋಡಿಕೊಳ್ಳುವುದು ಊಟದ ಕೆಲಸ.

ಜಿಮ್‌ಗೆ ಹೋಗುವ ಹುಡುಗರು ಪ್ರೋಟೀನ್ ಪೌಡರ್ ಬೇಕೇ ಬೇಕು ಅನ್ನುತ್ತಾರೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಅದು ಬೇಡ ಅಂತಲೇ ಹೇಳುತ್ತದೆ. ಆ ದುಡ್ಡಿಗೆ ತಿಂಗಳಿಡೀ ಮೊಟ್ಟೆ, ಹುರುಳಿಕಾಳು, ಮೊಸರು ಬರುತ್ತದೆ.

30ರಿಂದ 45. ನನ್ನ ತಮ್ಮನಿಗೆ 36. ಮದುವೆಯಲ್ಲಿ ಹೊಲಿಸಿದ ಕೋಟಿನ ಗುಂಡಿ ಈಗ ಕೂಡುವುದಿಲ್ಲ. ತಿನ್ನುವುದು ಅಷ್ಟೇ ಇದೆ, ಓಡಾಟ ನಿಂತಿದೆ. ಈ ವಯಸ್ಸಿಗೆ ಒಂದೇ ಮುಖ್ಯ ಬದಲಾವಣೆ: ರಾತ್ರಿ ಊಟ ಎಂಟರೊಳಗೆ, ಅನ್ನ ಅರ್ಧ. ಸಕ್ಕರೆಯನ್ನು ಕಾಫಿಯಲ್ಲೇ ಹಿಡಿಯಬಹುದು. ದಿನಕ್ಕೆ 25 ಗ್ರಾಂ, ಅಂದರೆ ಐದು ಟೀ ಚಮಚದ ಒಳಗಿದ್ದರೆ ಒಳ್ಳೆಯದು. ಮೂರು ಲೋಟಕ್ಕೆ ಎರಡೆರಡು ಚಮಚದಂತೆ ಅಲ್ಲಿಗೇ ಆರು ಆಯಿತು. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವವರಿದ್ದಾರೆ. ರಕ್ತಕ್ಕೆ ಬೆಲ್ಲ, ಸಕ್ಕರೆ, ಜೇನುತುಪ್ಪ ಎಲ್ಲ ಒಂದೇ.

ಈ ವಯಸ್ಸಿನ ತಾಯಂದಿರಿಗೆ ಇನ್ನೊಂದು ಅಭ್ಯಾಸ. ಮಗು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಅನ್ನ, "ಸುಮ್ನೆ ಹಾಳಾಗುತ್ತಲ್ಲ" ಅಂತ ಬಾಯಿಗೆ. ಅದನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ನಿಮ್ಮ ಹೊಟ್ಟೆ ಮುಸುರೆ ಬಾನಿ ಅಲ್ಲ.

45ರಿಂದ 60. ಇಲ್ಲಿ ಗಂಡಸರ ಮತ್ತು ಹೆಂಗಸರ ತಟ್ಟೆ ಬೇರೆಯಾಗುತ್ತದೆ. ನಮ್ಮ ಮನೆಯವರ 6.2 ಇನ್ನೂ ಡಯಾಬಿಟಿಸ್ ಅಲ್ಲ, 5.7ರಿಂದ 6.4ರವರೆಗಿನದು ಅದರ ಹೊಸ್ತಿಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿ ಜನರಿಗೆ ಶುಗರ್ ಇದೆ, ಈ ಹೊಸ್ತಿಲ ಮೇಲೆ ಇನ್ನೂ ಹದಿಮೂರೂವರೆ ಕೋಟಿ. ಹೊಸ್ತಿಲಿನಿಂದ ವಾಪಸ್ ಬರಬಹುದು, ಅದೇ ಸಮಾಧಾನ. ಅವರಿಗೆ ನಾನು ಹಾಕಿದ ನಿಯಮ ಎರಡು. ಮೊದಲು ಹಸಿ ತರಕಾರಿ, ಆಮೇಲೆ ಪಲ್ಯ ಮತ್ತು ಕಾಳು, ಕೊನೆಗೆ ಮುದ್ದೆಯೋ ಅನ್ನವೋ. ಮುದ್ದೆ ತಿಂದ ದಿನ ಅನ್ನ ಇಲ್ಲ. "ಮುದ್ದೆ ಆದ ಮೇಲೆ ಎರಡು ತುತ್ತು ಅನ್ನ ಬೇಡ್ವಾ?" ಅಂತ ಮೂರು ತಿಂಗಳು ಕೇಳಿದರು. ಆ ಎರಡು ತುತ್ತು ಯಾವತ್ತೂ ಎರಡೇ ಆಗಿರಲಿಲ್ಲ.

ಹೆಂಗಸರಿಗೆ ಮುಟ್ಟು ನಿಲ್ಲುವ ಹೊತ್ತು. ಆ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಕ್ಯಾಲ್ಸಿಯಂ 1000 ಮಿ.ಗ್ರಾಂ ಇದ್ದದ್ದು ಮುಟ್ಟು ನಿಂತ ಮೇಲೆ 1200 ಬೇಕು. 80 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 280, ಎರಡು ಲೋಟ ಹಾಲು ಮೊಸರಿನಲ್ಲಿ 360, ಒಂದು ದೊಡ್ಡ ಚಮಚ ಕರಿ ಎಳ್ಳಿನ ಚಟ್ನಿಪುಡಿಯಲ್ಲಿ ಇನ್ನೊಂದು ನೂರು. ನುಗ್ಗೆ ಸೊಪ್ಪು ಬಿದ್ದ ದಿನ ಇನ್ನೂ ಜಾಸ್ತಿ. ಹಿತ್ತಲಲ್ಲಿ ನುಗ್ಗೆ ಮರ ಇರುವವರು ಪುಣ್ಯವಂತರು. ವಿಟಮಿನ್ ಡಿ ಮಾತ್ರ ಊಟದಿಂದ ಸಾಕಾಗುವಷ್ಟು ಸಿಗುವುದಿಲ್ಲ, ಬಿಸಿಲಿಗೆ ಮೈಯೊಡ್ಡಬೇಕು. ರಿಪೋರ್ಟಿನಲ್ಲಿ ಕಡಿಮೆ ಇದ್ದರೆ ಮಾತ್ರೆ. ಥೈರಾಯ್ಡ್ ಮಾತ್ರೆ ನುಂಗುವವರು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಅದರಿಂದ ನಾಲ್ಕು ಗಂಟೆ ದೂರ ಇಡಿ.

60ರ ನಂತರ. ಇಲ್ಲಿ ನಿಲ್ಲೋಣ, ಯಾಕೆಂದರೆ ನಾವು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ವಯಸ್ಸಾಯ್ತು, ಊಟ ಕಡಿಮೆಯಾಗುವುದು ಸಹಜ ಅಂದುಕೊಳ್ಳುತ್ತೇವೆ. ಹಸಿವು ಕಡಿಮೆಯಾಗುವುದು ನಿಜ. ಆದರೆ ಪ್ರೋಟೀನಿನ ಅಗತ್ಯ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಸ್ನಾಯು ಕರಗದಂತೆ ತಡೆಯಲು ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಅನ್ನುವುದು ವೃದ್ಧರ ಪೋಷಣೆಯ ತಜ್ಞರ ಸಲಹೆ. 48 ಕೆಜಿಯ ನಮ್ಮ ಅತ್ತೆಗೆ ದಿನಕ್ಕೆ 50 ಗ್ರಾಂ ಮೇಲೆ ಆಯಿತು. ಸಿಗುತ್ತಿದ್ದುದು ಅದರಲ್ಲಿ ಅರ್ಧವೂ ಇರಲಿಲ್ಲ.

ಕಾರಣ ಹುಡುಕಲು ನನಗೆ ಹದಿನೈದು ದಿನ ಬೇಕಾಯಿತು. ಅವರ ತಟ್ಟೆ ತೊಳೆಯುವಾಗ ಅಂಚಿನಲ್ಲಿ ಕಾಳು, ಹುರುಳಿಕಾಯಿ ಚೂರು ಹಾಗೇ ಇರುತ್ತಿದ್ದವು. ಕೇಳಿದರೆ "ವಾಯು ಆಗುತ್ತೆ ಕಣಮ್ಮಾ, ಬೇಡ" ಅನ್ನುತ್ತಿದ್ದರು. ನಿಜ ಸಂಗತಿ ಬೇರೆಯೇ. ಹಲ್ಲುಸೆಟ್ ಸಡಿಲವಾಗಿ ಅಗಿಯಲು ಆಗುತ್ತಿರಲಿಲ್ಲ, ಹೇಳಿಕೊಳ್ಳಲು ಸಂಕೋಚ. ತಿಳಿಸಾರನ್ನ, ಕಾಫಿಗೆ ಅದ್ದಿದ ಬನ್ನು, ಇದರಲ್ಲೇ ದಿನ ದೂಡುತ್ತಿದ್ದರು. ಹಿರಿಯರು ಆರು ತಿಂಗಳಲ್ಲಿ ತೂಕದ ನೂರಕ್ಕೆ ಐದರಷ್ಟು ಇಳಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಅತ್ತೆ ಇಳಿದದ್ದು ನೂರಕ್ಕೆ ಏಳಕ್ಕೂ ಮೇಲೆ. ಪುಣ್ಯಕ್ಕೆ ಬೇರೇನೂ ಇರಲಿಲ್ಲ, ಹೊಸ ಹಲ್ಲುಸೆಟ್ ಮಾಡಿಸಿದೆವು.

ಊಟದಲ್ಲಿ ಮಾಡಿದ ಬದಲಾವಣೆ ಇಷ್ಟು. ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ. ಪ್ರತಿ ಸಲವೂ ಒಂದು ಪ್ರೋಟೀನ್ ಪದಾರ್ಥ: ಬೆಳಿಗ್ಗೆ ಹಾಲು ಹಾಕಿದ ಮೊಳಕೆ ರಾಗಿ ಗಂಜಿ, ಹನ್ನೊಂದಕ್ಕೆ ಮೊಟ್ಟೆ (ಸೋಮವಾರ, ಶನಿವಾರ ಅವರು ಮುಟ್ಟುವುದಿಲ್ಲ, ಆವತ್ತು ಪನೀರ್ ಪುಡಿ ಮಾಡಿ ಒಗ್ಗರಣೆ), ಮಧ್ಯಾಹ್ನ ಮಸೊಪ್ಪು, ಸಂಜೆ ಹುರಿಗಡಲೆ ಹಿಟ್ಟಿಗೆ ಬಿಸಿ ಹಾಲು ಹಾಕಿ ಕಲಸಿದ್ದು, ರಾತ್ರಿ ಹೆಸರುಬೇಳೆ ಹುಗ್ಗಿ. ತೊಗರಿಯಿಂದ ನಿಜವಾಗಿಯೂ ಉಬ್ಬರವಾಗುವವರಿಗೆ ಹೆಸರುಬೇಳೆ ಹಗುರ. ಓಮ, ಇಂಗು, ಶುಂಠಿ ಇರಲಿ. ಅರ್ಧ ಚಮಚ ತುಪ್ಪಕ್ಕೆ ನಾನು ಅವರ ಹತ್ತಿರ ಲೆಕ್ಕ ಕೇಳುವುದಿಲ್ಲ. ತೂಕ ಏರಬೇಕಾದವರಿಗೆ ಅದು ಬೇಕು.

ನೀರು ಇನ್ನೊಂದು ಸಮಸ್ಯೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದಿಲ್ಲ. ರಾತ್ರಿ ಏಳಬೇಕಲ್ಲ ಅಂತ ಕುಡಿಯುವುದನ್ನೂ ಬಿಡುತ್ತಾರೆ. ಬೆಳಿಗ್ಗೆ ಅವರ ಚೊಂಬು ತುಂಬಿಸಿಡುತ್ತೇನೆ, ಊಟದ ಹೊತ್ತಿಗೆ ಖಾಲಿಯಾಗಬೇಕು. ಸಂಜೆ ಆರರೊಳಗೆ ಇನ್ನೊಂದು ಚೊಂಬು. ಹೃದಯ, ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯಲು ಹೇಳಿದ್ದರೆ ಮಾತ್ರ ಇದು ಬೇಡ. ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರು ಸೊಪ್ಪು ಬಿಡಬೇಕಾಗಿಲ್ಲ, ಆದರೆ ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಇಲ್ಲವೇ ಇಲ್ಲ ಅನ್ನುವಂತಾಗಬಾರದು. ನುಂಗುವಾಗ ಕೆಮ್ಮು ಬರುವ ಹಿರಿಯರಿಗೆ ಮುದ್ದೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಂಥವರಿಗೆ ಅದೇ ರಾಗಿಯನ್ನು ಗಂಜಿ ಮಾಡಿ, ಆ ಕೆಮ್ಮಿನ ಬಗ್ಗೆ ಡಾಕ್ಟರಿಗೂ ಹೇಳಿ.

ಹೆಜ್ಜೆ 5: ಒಂದು ಬಸ್ಸಾರಿನ ದಿನ

ಹೇಗೆ ಬಡಿಸುವುದು ಅಂತ ಒಂದು ಮಧ್ಯಾಹ್ನದ ಊಟದಲ್ಲೇ ತೋರಿಸುತ್ತೇನೆ. ರಾತ್ರಿ ನೆನೆಸಿದ 250 ಗ್ರಾಂ ಅಲಸಂದೆಕಾಳು, ಎರಡು ಕಟ್ಟು ದಂಟಿನ ಸೊಪ್ಪು. ಬೇಯಿಸಿ, ಬೆಂದ ನೀರನ್ನು (ಕಟ್ಟು) ಬಸಿದು, ಅದಕ್ಕೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಯೋಚನೆ ಮಾಡಿ, ಪ್ರೋಟೀನ್, ನಾರು ಬಹುಪಾಲು ಎಲ್ಲಿ ಉಳಿಯಿತು? ಪಲ್ಯದಲ್ಲಿ. ಇಡೀ ಪಾತ್ರೆಯಲ್ಲಿ ಸುಮಾರು 60 ಗ್ರಾಂ ಪ್ರೋಟೀನ್ ಇದೆ, ತಲೆಗೆ 15 ಗ್ರಾಂ. ಪಲ್ಯ ಚೆನ್ನಾಗಿದೆ ಅಂತ ಗಂಡಸರು ಎರಡು ಸಲ ಹಾಕಿಸಿಕೊಂಡು, ಕೊನೆಗೆ ಕೂತ ಹೆಂಗಸಿಗೆ ಸಾರು ಮಾತ್ರ ಉಳಿಯುವುದು ಎಷ್ಟು ಮನೆಯಲ್ಲಿ ಇಲ್ಲ ಹೇಳಿ! ಅದಕ್ಕೇ ನಾನು ಪಲ್ಯವನ್ನು ಮೊದಲೇ ನಾಲ್ಕು ಬಟ್ಟಲಿಗೆ ಹಂಚಿಡುತ್ತೇನೆ, ಆಮೇಲೆ ಕರೆಯುತ್ತೇನೆ.

ಮಗಳಿಗೆ (ಭಾನುವಾರ ಅಂತಿಟ್ಟುಕೊಳ್ಳಿ) ಇಡೀ ಮುದ್ದೆ, ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು, ಬೇಯಿಸಿದ ಮೊಟ್ಟೆ. ಕಾಫಿ ಮೂರು ಗಂಟೆಗೆ. ಮನೆಯವರಿಗೆ ಮೊದಲು ಒಂದು ತಟ್ಟೆ ಸೌತೆಕಾಯಿ, ಆಮೇಲೆ ಪಲ್ಯ, ಅರ್ಧ ಮುದ್ದೆ, ಕೊನೆಗೆ ಉಪ್ಪಿಲ್ಲದ ಮಜ್ಜಿಗೆ. ನನಗೆ ಮುಕ್ಕಾಲು ಮುದ್ದೆ, ಪಲ್ಯ, ಎಳ್ಳಿನ ಚಟ್ನಿಪುಡಿ, ಒಂದು ಬಟ್ಟಲು ಮೊಸರು. ಅತ್ತೆಗೆ ನಿಂಬೆಗಾತ್ರಕ್ಕಿಂತ ಸ್ವಲ್ಪ ದೊಡ್ಡ ಎರಡು ಮೆತ್ತನೆ ಮುದ್ದೆ, ಪಲ್ಯವನ್ನು ಸಾರಿನ ಜೊತೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದ್ದು, ತುಪ್ಪ, ಮೊಸರು. ಒಲೆಯ ಮೇಲೆ ಇದ್ದದ್ದು ಎರಡೇ ಪಾತ್ರೆ. ಹೆಚ್ಚಿಗೆ ತಗಲಿದ ಹೊತ್ತು ಹತ್ತು ನಿಮಿಷ.

ಹೆಜ್ಜೆ 6: ಮದುವೆ, ಹಬ್ಬ, ಉಪವಾಸ

ಮದುವೆ ಮನೆಯ ಬಾಳೆಲೆಯಲ್ಲಿ ಮೊದಲು ಬೀಳುವುದೇ ಕೋಸಂಬರಿ, ಪಲ್ಯ. ಹಿರಿಯರು ಆ ಕ್ರಮ ಸುಮ್ಮನೆ ಇಟ್ಟಿರಲಿಕ್ಕಿಲ್ಲ. ಅನ್ನ ಬರುವ ಮೊದಲೇ ಅವನ್ನು ಮುಗಿಸಿ, ಕೋಸಂಬರಿ ಎರಡನೇ ಸಲ ಕೇಳಿ. ಸಿಹಿ ಒಂದೇ: ಹೋಳಿಗೆ ತಿಂದರೆ ಪಾಯಸ ಬೇಡ.

ಉಪವಾಸದ ದಿನ ಅನ್ನ ಬಿಟ್ಟು ಅವಲಕ್ಕಿ, ಸಜ್ಜಿಗೆ, ಸಬ್ಬಕ್ಕಿ ವಡೆ ಅಂತ ದಿನವಿಡೀ ಬಾಯಾಡಿಸಿದರೆ ಮಾಮೂಲಿ ಊಟಕ್ಕಿಂತ ಜಾಸ್ತಿಯೇ ಹೊಟ್ಟೆಗೆ ಹೋಗುತ್ತದೆ. ದೇವರಿಗೆ ಏನನ್ನಿಸುತ್ತೋ ಗೊತ್ತಿಲ್ಲ. ಶುಗರ್ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು. ಶುಗರ್ ಕುಸಿದು ತಲೆಸುತ್ತಿ ಬಿದ್ದರೆ ಅದೇ ದೊಡ್ಡ ಅಪಾಯ. ಹಬ್ಬಕ್ಕೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಒಂದು ಸಲ ಒಗ್ಗರಣೆಗೆ ಬಳಸಿ ಮುಗಿಸಿ.

ಅಂಗಡಿಯ ಮಲ್ಟಿಗ್ರೇನ್, ಡಯಾಬಿಟಿಕ್ ಬಿಸ್ಕತ್ತುಗಳ ಪ್ಯಾಕೆಟ್ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದು ಯಾವುದು ಜಾಸ್ತಿ ಇದೆಯೋ ಅದು. ಮೈದಾ ಅಂತ ಇದ್ದರೆ ಮುಂದಕ್ಕೆ ಓದುವ ಕೆಲಸವಿಲ್ಲ.

ಹೆಜ್ಜೆ 7: ಮೂರು ತಿಂಗಳಿಗೊಮ್ಮೆ ಲೆಕ್ಕ

ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಹಾಗಾಗಿ ಅದಕ್ಕಿಂತ ಮೊದಲು ಮಾಡಿಸಿ ಬೇಸರಪಡಬೇಡಿ. ಸೊಂಟದ ಅಳತೆ ತಿಂಗಳಿಗೊಮ್ಮೆ, ಹಿರಿಯರ ತೂಕ ತಿಂಗಳ ಮೊದಲ ದಿನ. ಮಾತ್ರೆ ಕಡಿಮೆ ಮಾಡುವುದನ್ನು ನೀವೇ ತೀರ್ಮಾನಿಸಬೇಡಿ, ರಿಪೋರ್ಟ್ ಎಷ್ಟೇ ಚೆನ್ನಾಗಿ ಬರಲಿ.

ನಮ್ಮ ಮನೆಯ ಇವತ್ತಿನ ಲೆಕ್ಕ ಹೀಗಿದೆ. ಮನೆಯವರದು 5.8, ಇನ್ನೂ ಹೊಸ್ತಿಲ ಮೇಲೇ ಒಂದು ಕಾಲಿದೆ. ಮಗಳ ಹಿಮೋಗ್ಲೋಬಿನ್ 12.1. ಅತ್ತೆ 50 ಕೆಜಿ. ಉಪ್ಪಿನ ಪ್ಯಾಕೆಟ್ 41 ದಿನ ಬಂತು, ಇನ್ನೂ ಒಂಬತ್ತು ದಿನ ಸಾಲದು. ಅದರಲ್ಲಿ ಒಂದಿಷ್ಟು ಎಲ್ಲಿಗೆ ಹೋಗುತ್ತದೆ ಅಂತ ಹೋದ ವಾರ ಗೊತ್ತಾಯಿತು. ಅತ್ತೆಯ ದಿಂಬಿನ ಪಕ್ಕದ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಉಪ್ಪು ಖಾರ ಕಲಸಿಟ್ಟಿದ್ದರು, ಸೀಬೆಕಾಯಿಗೆ ಹಚ್ಚಿಕೊಳ್ಳಲು. ಹೊಸ ಹಲ್ಲುಸೆಟ್ ಬಂದ ಮೇಲೆ ಸೀಬೆಕಾಯಿ ಕಚ್ಚಿ ತಿನ್ನುತ್ತಿದ್ದಾರೆ. ಡಬ್ಬಿಯನ್ನು ಅಲ್ಲೇ ಇಟ್ಟು ಬಂದೆ.